ಚದುರಂಗದ ಮಣೆಯ ಮೇಲೆ ಕ್ಷಿಪಣಿ

ಕಳೆದ ದಸರೆಯ ಬಿಡುವಿನಲ್ಲಿ ನಮ್ಮ ಪ್ರಸಾದನಿಲಯದ ಬಾಲಕರು ಕೂಡಿ ಹೊಸದೊಂದು ಚದುರಂಗವನ್ನು ಕಟ್ಟಿದರು. ರಟ್ಟಿನ ಮೇಲೆ ಉದ್ದಕ್ಕೆ 12, ಅಡ್ಡಕ್ಕೆ 12, ಒಟ್ಟು 144 ಮನೆಗಳು. ಆನೆ, ಕುದುರೆ, ಒಂಟೆಗಳಿಗೆ ಬದಲಾಗಿ ಟ್ಯಾಂಕು, ವಿಮಾನ, ಕ್ಷಿಪಣಿ. ಪ್ರಾಚೀನ ಕ್ರೀಡೆಯೊಂದು ಕೆಟ್ಟಿತೆಂದು ಕೆಲವು ಹಿರಿಯರು ಮರುಗಿದರು. ಪಂಡಿತನಾದ ನಾನೂ ಹಾಗೆಯೇ ನುಡಿಯುವೆನೆಂದು ಅವರು ಎಣಿಸಿದ್ದರು. ನನ್ನ ಅಭಿಪ್ರಾಯ ಬೇರೆ.

ಚದುರಂಗವೆಂಬುದು ಚತುರಂಗ ಶಬ್ದದ ತದ್ಭವ. ಪದಾತಿ, ಅಶ್ವ, ಗಜ, ರಥ ಎಂಬ ನಾಲ್ಕು ಅಂಗಗಳು ಅಂದಿನ ನಿಜವಾದ ಸೇನೆಯ ಅಂಗಗಳೇ ಆಗಿದ್ದುವು. ತೈಮೂರನ ಹೆಸರನ್ನು ಹೊತ್ತ 112 ಮನೆಗಳ ಚದುರಂಗದಲ್ಲಿ ಕೋಟೆಯನ್ನು ಮುತ್ತುವ ಯಂತ್ರವೂ ಒಂದು ಕಾಯಿ. ಆದುದರಿಂದ ಹೊಸ ಕಾಯಿ ಬಂದುದಾಗಲಿ, ಮಣೆ ಹಿಗ್ಗಿದುದಾಗಲಿ ದೋಷವಲ್ಲ.

ದೋಷ ಇರುವುದು ಬೇರೆಡೆ. ನಮ್ಮ ಹಳೆಯ ಕಟ್ಟಳೆಯಂತೆ ಹೊಡೆಯುವ ಕಾಯಿಯು ಹತವಾದ ಕಾಯಿಯ ಮನೆಗೇ ಹೋಗಿ ನಿಲ್ಲಬೇಕು. ನಿಂತೊಡನೆ ಅದೂ ಎದುರಾಳಿಯ ಕೈಗೆ ಸಿಕ್ಕಬಹುದು. ಮಂತ್ರಿಗೂ ಇದರಿಂದ ವಿನಾಯಿತಿಯಿಲ್ಲ. ಬಾಲಕರ ಕ್ಷಿಪಣಿಗೆ ಈ ಕಟ್ಟಿಲ್ಲ. ಅದು ಕುಳಿತಲ್ಲಿಂದಲೇ ಏಳು ಮನೆ ಆಚೆಗೆ ಹೊಡೆಯುತ್ತಿತ್ತು, ಮರುನಡೆಗೆ ಮತ್ತೆ ಹೊಡೆಯುತ್ತಿತ್ತು. ಮೊದಲು ನಡೆದವನೇ ಗೆಲ್ಲುತ್ತಿದ್ದ. ಸೋತ ಐದನೆಯ ತರಗತಿಯ ಹುಡುಗನೊಬ್ಬ, "ನಾನು ಮಾಡಿದ ತಪ್ಪೇನು?" ಎಂದು ಕೇಳಿದ. ಯಾರಲ್ಲಿಯೂ ಉತ್ತರವಿರಲಿಲ್ಲ. ಸೋತವನಿಗೆ ಅವನ ತಪ್ಪನ್ನು ತೋರಿಸದ ಆಟದಿಂದ ಕಲಿಯುವುದೇನು?

ಈ ತೊಡಕು ಇಂದಿನದಲ್ಲ. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಹೆಲ್ವಿಗ್ ಎಂಬ ಗಣಿತಜ್ಞ 1780ರಲ್ಲಿ ಚದುರಂಗವನ್ನೇ ಹಿಗ್ಗಿಸಿ 1617 ಮನೆಗಳ ಯುದ್ಧಕ್ರೀಡೆಯನ್ನು ರಚಿಸಿದನು. ಶಿಷ್ಯರಿಗೆ ಸೇನಾವಿದ್ಯೆಯನ್ನು ಕಲಿಸುವುದು ಅವನ ಉದ್ದೇಶ. ಬೆಟ್ಟ, ಜೌಗು, ನೀರುಗಳಿಗೆ ಬೇರೆ ಬೇರೆ ಬಣ್ಣದ ಮನೆಗಳು. ಫಿರಂಗಿಗೆ ದೂರದಿಂದ ಹೊಡೆಯುವ ಅಧಿಕಾರ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಜ್ ಪ್ರಕಟಿಸಿದ ಯುದ್ಧಕ್ರೀಡೆಯಲ್ಲಿ ಮನೆಗಳೇ ಇಲ್ಲ. ಭೂಪಟವೇ ಮಣೆಯಾಯಿತು, ಹೊಡೆತದ ಫಲವನ್ನು ದಾಳ ನಿರ್ಣಯಿಸಿತು, ನಡುವೆ ಮಧ್ಯಸ್ಥನೊಬ್ಬ ಕುಳಿತ. ಪ್ರಷ್ಯದ ಸೇನೆ ಅದನ್ನು ತನ್ನ ಅಧಿಕಾರಿಗಳ ಅಭ್ಯಾಸಕ್ಕೆ ಕೈಗೊಂಡಿತು. ಯುದ್ಧಕ್ಕೆ ಸಮೀಪವಾದಷ್ಟೂ ಅದು ಚದುರಂಗದಿಂದ ದೂರ ಸರಿಯಿತು. ಸೈನಿಕರಿಗೆ ಅದು ಅವಶ್ಯವಿರಬಹುದು, ಶಾಲೆಯ ಬಾಲಕರಿಗಲ್ಲ.

ಆದರೂ ಆ ರಟ್ಟನ್ನು ಹರಿದೆಸೆಯಿರೆಂದು ನಾನು ಹೇಳಲಿಲ್ಲ. ಒಂದೇ ತಿದ್ದುಪಡಿಯನ್ನು ಸೂಚಿಸಿದೆ: ಕ್ಷಿಪಣಿಯನ್ನು ಹಾರಿಸುವವನು ಒಂದು ನಡೆ ಮುಂಚಿತವಾಗಿ ಗುರಿಯನ್ನು ಸಾರಬೇಕು, ಹೊಡೆದ ಮೇಲೆ ಕ್ಷಿಪಣಿಯೂ ಮಣೆಯಿಂದ ಇಳಿಯಬೇಕು. ಬಾಲಕರು ಗೊಣಗುತ್ತಲೇ ಒಪ್ಪಿದರು. ಅಂದಿನ ಆಟ ದೀಪ ಹಚ್ಚುವವರೆಗೂ ನಡೆಯಿತು. ಆ ಪುಟ್ಟ ಹುಡುಗ ಮತ್ತೆಯೂ ಸೋತ. ಆದರೆ ತಾನು ಎಲ್ಲಿ ಎಡವಿದೆನೆಂಬುದನ್ನು ಈ ಸಲ ತಾನೇ ಬೆರಳಿಟ್ಟು ತೋರಿಸಿದ.

ಉಪಾಧ್ಯಾಯ ಬಂಧುಗಳಲ್ಲಿಯೂ ಶಾಲೆಗೆ ಕ್ರೀಡಾಸಾಮಗ್ರಿಯನ್ನು ಒದಗಿಸುವ ಉದಾರಿಗಳಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೆ. ಮಕ್ಕಳ ಆಟದಲ್ಲಿ ಬರುವ ಆಯುಧದ ಹೆಸರನ್ನು ಕೇಳಿ ಬೆದರುವುದು ಬೇಡ. ಅದನ್ನು ಪ್ರಯೋಗಿಸಿದವನು ತೆರಬೇಕಾದ ಬೆಲೆ ಏನೆಂದು ಆಟದ ಕಟ್ಟಳೆಯಲ್ಲಿ ಹುಡುಕಿ ನೋಡೋಣ. ಅಲ್ಲಿ ಇಲ್ಲವಾದರೆ ಮಕ್ಕಳೊಡನೆ ಕುಳಿತು ಬರೆದು ಸೇರಿಸೋಣ.