ಟೆಂಡರಿನ ತಕ್ಕಡಿಯಲ್ಲಿ ತಿಂಗಳ ಮದ್ದು

ಸರಕಾರಿ ಸೇವೆಯಲ್ಲಿದ್ದಾಗ ಔಷಧ ಖರೀದಿಯ ಟೆಂಡರ್ ಸಮಿತಿಗಳಲ್ಲಿ ನಾನೂ ಕುಳಿತಿದ್ದೇನೆ. ಅಲ್ಲಿನ ಸೂತ್ರ ಸರಳ: ಔಷಧವೂ ಪ್ರಮಾಣವೂ ಒಂದೇ ಆಗಿದ್ದರೆ ಕನಿಷ್ಠ ದರ ನಮೂದಿಸಿದವರಿಗೆ ಆದೇಶ. ಸಾಮಾನ್ಯ ಮಾತ್ರೆಗಳ ಮಟ್ಟಿಗೆ ಇದು ಬಹುಪಾಲು ಸರಿ. ಆದರೆ ಎಲ್ಲ ಔಷಧಗಳೂ ಈ ತಕ್ಕಡಿಯಲ್ಲಿ ತೂಗುವಂಥವಲ್ಲ.

ಪ್ರಾಸ್ಟೇಟ್ ಕ್ಯಾನ್ಸರಿಗೆ ನೀಡುವ ಲ್ಯೂಪ್ರೊಲೈಡ್ ಇದಕ್ಕೆ ನಿದರ್ಶನ. 1985ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಾಗ ಅದು ದಿನನಿತ್ಯದ ಚುಚ್ಚುಮದ್ದು. ಜಪಾನಿನ ಟಕೇಡ ಕಂಪನಿಯ ವಿಜ್ಞಾನಿಗಳು ಅದನ್ನು ಕೂದಲೆಳೆಗಿಂತ ಸಣ್ಣದಾದ ಪಾಲಿಮರ್ ಗೋಳಗಳಲ್ಲಿ ಹುದುಗಿಸಿದರು. 1989ರಲ್ಲಿ ತಿಂಗಳಿಗೊಂದೇ ಚುಚ್ಚುಮದ್ದಿನ ರೂಪಕ್ಕೆ ಅಲ್ಲಿ ಅನುಮತಿ ದೊರೆಯಿತು. ದೇಹದೊಳಗಿನ ನೀರಿನಂಶ ತಗುಲಿ ಪಾಲಿಮರ್ ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲಗಳಾಗಿ ಮೆಲ್ಲನೆ ವಿಘಟನೆಗೊಳ್ಳುತ್ತದೆ. ಔಷಧ ಇಷ್ಟಿಷ್ಟೇ ಹೊರಬರುತ್ತದೆ.

ಅರ್ಥಶಾಸ್ತ್ರ ಓದಿದ ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಉಳಿದ ದಿನಗಳು. ವೃದ್ಧ ತಂದೆಯನ್ನು ಆಸ್ಪತ್ರೆಗೆ ಕರೆತರುವ ಮಗನ ಕೂಲಿ, ಬಸ್ಸಿನ ಖರ್ಚು ಯಾವ ದರಪಟ್ಟಿಯಲ್ಲೂ ಇರುವುದಿಲ್ಲ. ಆದ್ದರಿಂದ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೆ ಲ್ಯೂಪ್ರೊಲೈಡ್ ಸೇರಿದ್ದು ಸ್ವಾಗತಾರ್ಹ.

ತೊಡಕಿರುವುದು ತಯಾರಿಕೆಯಲ್ಲಿ. ಔಷಧದ ಜಲದ್ರಾವಣವನ್ನು ಪಾಲಿಮರ್ ದ್ರಾವಣದಲ್ಲಿ ಹನಿಹನಿಯಾಗಿ ಬೆರೆಸಿ, ಆ ಮಿಶ್ರಣವನ್ನು ಮತ್ತೆ ನೀರಿನಲ್ಲಿ ಕಲಕಿ, ದ್ರಾವಕವನ್ನು ಆವಿಯಾಗಿಸಿದಾಗ ಗೋಳಗಳು ಗಟ್ಟಿಯಾಗುತ್ತವೆ. ಕಲಕುವ ವೇಗ, ಉಷ್ಣತೆ, ಪಾಲಿಮರಿನ ಅಣುತೂಕ ಬದಲಾದರೆ ಔಷಧ ಹೊರಬರುವ ಗತಿಯೂ ಬದಲಾಗುತ್ತದೆ. ಮೊದಲ ದಿನಗಳಲ್ಲೇ ಹೆಚ್ಚು ಔಷಧ ಹೊರಚೆಲ್ಲಿ, ಕೊನೆಯ ವಾರಕ್ಕೆ ಸಾಲದೆ ಹೋಗಬಹುದು. ಆಗ ತಗ್ಗಿದ್ದ ಟೆಸ್ಟೋಸ್ಟೆರಾನ್ ಮತ್ತೆ ಏರಿ ಗೆಡ್ಡೆಗೆ ಪೋಷಣೆ ದೊರೆಯಬಹುದು. ರೋಗಿಗೆ ಅದರ ಸುಳಿವೂ ಸಿಗದು. ಸೀಸೆಯ ಮೇಲಿನ ಮಿಲಿಗ್ರಾಂ ಲೆಕ್ಕ ಮಾತ್ರ ಸರಿಯಾಗಿಯೇ ಇರುತ್ತದೆ.

ಆದ್ದರಿಂದ ಇಂಥ ಔಷಧಗಳ ಖರೀದಿಯಲ್ಲಿ, ಇಡೀ ಅವಧಿಯುದ್ದಕ್ಕೂ ಔಷಧ ಬಿಡುಗಡೆಯಾಗುವ ಬಗೆಯನ್ನು ಸ್ವತಂತ್ರ ಪ್ರಯೋಗಾಲಯ ಮೊದಲು ಪರೀಕ್ಷಿಸಬೇಕು. ತೇರ್ಗಡೆಯಾದವರ ನಡುವೆ ಮಾತ್ರ ದರದ ಹೋಲಿಕೆ ನಡೆಯಬೇಕು. ಇದರಿಂದ ಬೆಲೆ ಏರುತ್ತದೆ, ಸಣ್ಣ ತಯಾರಕರು ಹೊರಗುಳಿಯುತ್ತಾರೆ ಎಂಬ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಪರೀಕ್ಷೆಯ ವೆಚ್ಚವನ್ನು ಸರಕಾರವೇ ಭರಿಸಿದರೆ ಆ ಆಕ್ಷೇಪದ ಮೊನೆ ಮೊಂಡಾಗುತ್ತದೆ.

1970ರ ಪೇಟೆಂಟ್ ಕಾಯಿದೆಯ ನೆರಳಿನಲ್ಲಿ ನಮ್ಮ ಉದ್ಯಮ ಅಣುಗಳನ್ನು ಅಗ್ಗವಾಗಿ ತಯಾರಿಸಲು ಕಲಿಯಿತು. ಅಣುವನ್ನು ಸಕಾಲಕ್ಕೆ, ಸರಿಯಾದ ಪ್ರಮಾಣದಲ್ಲಿ ತಲುಪಿಸುವ ವಿದ್ಯೆಗೆ ಬೆಲೆ ಕೊಡುವುದನ್ನು ಇನ್ನು ಸರಕಾರಿ ಕಡತಗಳು ಕಲಿಯಬೇಕಿದೆ.