ತಟ್ಟೆಯೊಳಗಿನ ದನಿ

ಕಲಾ ವಿಭಾಗದ ವಿದ್ಯಾರ್ಥಿಗೆ ಕಂಪ್ಯೂಟರಿನ ಒಳಗುಟ್ಟು ಏತಕ್ಕೆ ಎಂದು ಗೆಳೆಯರು ನನ್ನನ್ನು ಕೇಳುವುದುಂಟು. ಅದಕ್ಕೆ ಉತ್ತರವಾಗಿ ಈ ನಾಲ್ಕು ಮಾತು.

ನನ್ನೂರು ಮುಳ್ಳೂರು. ನಮ್ಮ ತಾತ ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡಿದ ಒಂದು ಸಿ.ಡಿ. ಮನೆಯಲ್ಲಿದೆ. ತಾತ ಈಗಿಲ್ಲ, ತಟ್ಟೆಯ ಮೇಲೆ ಗೀರು ಬಿದ್ದಿವೆ.

ಹಾಡಿನ ಸಿ.ಡಿ.ಯ ಕ್ರಮವನ್ನು 1980ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಗೊತ್ತುಪಡಿಸಿದುವು. ಸೆಕೆಂಡಿಗೆ 44,100 ಸಲ ದನಿಯ ಅಳತೆ. ಸೆಕೆಂಡಿಗೆ 75 ತುಂಡು, ತುಂಡಿಗೆ 2,352 ಬೈಟು. ಕಡತಗಳ ಸಿ.ಡಿ.ಯಲ್ಲಾದರೆ ಇಷ್ಟೇ ಜಾಗದಲ್ಲಿ ಸಾಮಾನ್ಯವಾಗಿ 2,048 ಬೈಟು ಮಾತ್ರ ವಿಷಯ. ಉಳಿದುದು ವಿಳಾಸಕ್ಕೂ ತಪ್ಪು ತಿದ್ದುವುದಕ್ಕೂ ಮೀಸಲು. ಹಾಡಿನ ತಟ್ಟೆಗೆ ಈ ಹೆಚ್ಚಿನ ಕಾವಲಿಲ್ಲ. ತಿದ್ದಲಾಗದ ಕಡೆ ಯಂತ್ರವು ಅಕ್ಕಪಕ್ಕದ ಅಳತೆಗಳನ್ನು ನೋಡಿ ನಡುವಿನದನ್ನು ಊಹಿಸಿ ತುಂಬಬಹುದು. ಕಿವಿಗೆ ಅದು ಎಷ್ಟೋ ಸಲ ತಿಳಿಯುವುದೇ ಇಲ್ಲ!

ನಾನು ಬಳಸುವುದು ಹೈಕು ಎಂಬ ಸಣ್ಣ ಆಪರೇಟಿಂಗ್ ಸಿಸ್ಟಂ. ಬಿಓಎಸ್ ಎಂಬುದರ ಜಾಡಿನಲ್ಲಿ 2001ರಿಂದ ಆಸಕ್ತರು ಕಟ್ಟುತ್ತ ಬಂದದ್ದು. ಅದರಲ್ಲಿ ಸಿ.ಡಿ. ಹಾಕಿದರೆ ಹಾಡುಗಳು ಕಡತಗಳಂತೆಯೇ ಕಾಣುತ್ತವೆ; ನಕಲು ಮಾಡುವುದು ಸುಲಭ. ನಾನು ಎರಡು ಸಲ ನಕಲು ಮಾಡಿ ಹೋಲಿಸಿದೆ. ಗೀರಿನ ದೆಸೆಯಿಂದ ಒಂದಕ್ಕೊಂದು ಹೊಂದಲಿಲ್ಲ. ಯಾವುದು ತಾತನ ದನಿ, ಯಾವುದು ಯಂತ್ರದ ಊಹೆ?

ಆಗ ಕಡತದ ಮುಸುಕು ಸರಿಸಿ, "ಇಂಥ ತುಂಡು ಕೊಡು" ಎಂದು ಡ್ರೈವಿಗೇ ನೇರವಾಗಿ ಅಪ್ಪಣೆ ಮಾಡುವ ಪುಟ್ಟ ಪ್ರೋಗ್ರಾಮು ಬರೆದೆ. ಹೈಕುವಿನ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದಾದುದರಿಂದ ನನ್ನಂಥವನಿಗೂ ಇದು ಸಾಧ್ಯವಾಯಿತು. ಡ್ರೈವು ಜಾಗ ತಪ್ಪಬಹುದೆಂದು ಹಿಂದುಮುಂದಿನ ತುಂಡುಗಳನ್ನೂ ಸೇರಿಸಿ ಹಲವು ಸಲ ಓದಿಸಿದೆ. ಬಹುಪಾಲು ಹೊಂದಿದುವು. ಹೊಂದದವುಗಳ ಸಂಖ್ಯೆಯನ್ನು ಬರೆದಿಟ್ಟೆ.

ಸುಲಭದ ನಕಲೇ ಸಾಕಲ್ಲವೆ ಎನ್ನುವವರಿದ್ದಾರೆ. ಕೇಳಿ ಸಂತೋಷಪಡಲು ಸಾಕು. ಮುಂದಿನವರಿಗೆ ಉಳಿಸಲು ಸಾಲದು. ಓಲೆಗರಿಯ ಪ್ರತಿಯನ್ನು ಸಂಪಾದಿಸುವ ವಿದ್ವಾಂಸರು ಹುಳು ತಿಂದೆಡೆ ಚುಕ್ಕಿಯಿಡುತ್ತಾರೆಯೇ ಹೊರತು ತಮ್ಮ ಮಾತು ತುರುಕಿ ಮರೆಮಾಚುವುದಿಲ್ಲ. ಕಲಾ ವಿದ್ಯಾರ್ಥಿಗಳಾದ ನಾವು ತರಗತಿಯಲ್ಲಿ ಕಲಿತ ಈ ನೀತಿ ಹಾಡಿನ ತಟ್ಟೆಗೂ ಸಲ್ಲಬೇಕು.

ನಮ್ಮ ಸೀಮೆಯ ಎಷ್ಟೋ ಮನೆಗಳ ಗೂಡಿನಲ್ಲಿ ಇಂಥ ತಟ್ಟೆಗಳು ಧೂಳು ತಿನ್ನುತ್ತಿರಬಹುದು. ಮುಂದಿನ ರಜೆಯಲ್ಲಿ ನಾವು ಒಬ್ಬೊಬ್ಬರೂ ಒಂದೊಂದನ್ನು ಉಳಿಸೋಣ. ಉಳಿಯದುದನ್ನು ಉಳಿಯಲಿಲ್ಲವೆಂದೇ ಬರೆದಿಡೋಣ.