ದೀಪ ಹತ್ತಿದ ಕೂಡಲೇ ಸೆನ್ಸಾರ್ ಬದಲಿಸಬೇಡಿ

ಕೊಟ್ಟೂರು ತೇರಿಗೆ ಅಂತ ಬೆಂಗಳೂರಿಂದ ಕಾರಲ್ಲಿ ಹೊರಟಿರ್ತೀವಿ. ಕೂಡ್ಲಿಗಿ ಹತ್ತಿರ ಬರೋ ಹೊತ್ತಿಗೆ ಮೀಟರ್‌ನಲ್ಲಿ ಹಳದಿ ಎಂಜಿನ್ ದೀಪ. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಗೆಳೆಯರೂ ನನಗೆ ಕೇಳೋದು ಒಂದೇ: "ಆಕ್ಸಿಜನ್ ಸೆನ್ಸಾರ್ ಹೋಗೇತಂತ, ಹೊಸದು ಹಾಕಿಸ್ಲೇನು?"

ತಡೀರಿ, ಮೊದಲು ಅದನ್ನ ಹುಡುಕೋಣ. ನಾನು ಹೇಳ್ತಿರೋದು ಪೆಟ್ರೋಲ್ ಕಾರಿನ ವಿಷಯ. ಎಂಜಿನ್ ತಣ್ಣಗಾದ ಮೇಲೆ ಬಾನೆಟ್ ಎತ್ತಿ, ಹೊಗೆ ಹೊರಹೋಗೋ ಕೊಳವೆ ನೋಡಿ. ಸ್ಪಾರ್ಕ್ ಪ್ಲಗ್ ಥರ ಕಾಣೋ, ಹಿಂದೆ ವೈರಿನ ಬಾಲ ಇರೋ ತುಂಡು ಅದರಲ್ಲಿ ಕೂತಿರುತ್ತೆ. ಅದು ಸೆನ್ಸಾರ್ 1. ಕ್ಯಾಟಲಿಟಿಕ್ ಕನ್ವರ್ಟರ್ ದಾಟಿದ ಮೇಲೆ, ಹೆಚ್ಚಾಗಿ ಕಾರಿನ ಅಡಿಯಲ್ಲಿ, ಸೆನ್ಸಾರ್ 2.

ಒಳಗಿರೋದು ಜಿರ್ಕೋನಿಯಾ ಅನ್ನೋ ಪಿಂಗಾಣಿ. ಅದರ ಒಂದು ಬದಿಗೆ ಹೊರಗಾಳಿ, ಇನ್ನೊಂದು ಬದಿಗೆ ಹೊಗೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ರೆ ಸುಮಾರು 0.1 ವೋಲ್ಟ್, ಪೆಟ್ರೋಲ್ ಜಾಸ್ತಿ ಆಗಿದ್ರೆ 0.9ರ ಆಸುಪಾಸು. ಇದನ್ನ ನೋಡ್ಕೊಂಡೇ ಇಸಿಯು 14.7 ಕೆಜಿ ಗಾಳಿಗೆ 1 ಕೆಜಿ ಪೆಟ್ರೋಲ್ ಅನ್ನೋ ಲೆಕ್ಕ ಕಾಯುತ್ತೆ. 1976ರಲ್ಲಿ ಬಾಷ್ ಕಂಪನಿ ಇದನ್ನ ಮೊದಲು ವೋಲ್ವೋ ಕಾರಿಗೆ ಕೊಟ್ಟಿತು. ಈಗಿನ ಕೆಲವು ಕಾರುಗಳಲ್ಲಿ ಮುಂದಿನದು ಬೇರೆ ಬಗೆಯದು, ಅದರ ವೋಲ್ಟೇಜ್ ಹೀಗೆ ಕುಣಿಯಲ್ಲ.

ಹಿಂದಿನದರ ಕೆಲಸ ಕಾವಲು. ಕನ್ವರ್ಟರ್ ಚೆನ್ನಾಗಿದ್ರೆ ಅದರ ವೋಲ್ಟೇಜ್ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ನಿಂತಿರುತ್ತೆ. ಅದೂ ಕುಣಿಯೋಕೆ ಶುರುವಾದ್ರೆ ಪಿ0420 ಕೋಡ್ ಬರುತ್ತೆ. ಆಗ ಅನುಮಾನ ಪಡಬೇಕಾದ್ದು ಮೊದಲು ಕನ್ವರ್ಟರ್ ಮೇಲೆ, ಸುದ್ದಿ ತಂದ ಸೆನ್ಸಾರ್ ಮೇಲಲ್ಲ. ಎರರ್ ಲಾಗ್ ಓದೋ ನಮಗೆ ಇದು ಹೊಸದೇನಲ್ಲ: ಬಗ್ ಇರೋದು ಒಂದು ಕಡೆ, ಕೂಗೋದು ಇನ್ನೊಂದು ಕಡೆ.

ಪಿ0171 ಬಂದ್ರೂ ಅಷ್ಟೆ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಅಂತ ಅರ್ಥ. ಸೆನ್ಸಾರ್‌ಗಿಂತ ಮುಂಚೆ ಕೊಳವೆಯಲ್ಲಿ ಬಿರುಕಿದ್ರೆ ಹೊರಗಾಳಿ ನುಗ್ಗುತ್ತೆ. ಸೆನ್ಸಾರ್ ಪಾಪ, ಕಂಡದ್ದನ್ನೇ ಹೇಳುತ್ತೆ. ಇಸಿಯು ನಂಬಿ ಪೆಟ್ರೋಲ್ ಸುರಿಯುತ್ತೆ, ಮೈಲೇಜ್ ಬೀಳುತ್ತೆ. ಹೊಸ ಸೆನ್ಸಾರ್‌ಗೆ ಸಾವಿರಗಟ್ಟಲೆ ಕೊಟ್ರೂ ದೀಪ ಆರಲ್ಲ.

ಹಾಗಾಗಿ ಮೆಕ್ಯಾನಿಕ್ ಹತ್ರ "ಅಣ್ಣ, ಕೋಡ್ ಯಾವುದು, ಯಾವ ಸೆನ್ಸಾರಿಂದು?" ಅಂತ ಕೇಳಿ. ಕೊಳವೆ ಸೋರಿಕೆ, ವೈರು, ಕನೆಕ್ಟರ್ ನೋಡಿಸಿ. ಊರಲ್ಲಿ ವಾರಗಟ್ಟಲೆ ನಿಂತ ಕಾರಾದ್ರೆ ಇಲಿ ಕಡಿದಿದೆಯಾ ಅಂತಲೂ ನೋಡಿಸಿ. ದೀಪ ಸುಮ್ನೆ ಉರೀತಿದ್ದು ಕಾರು ಸರಾಗವಾಗಿ ಓಡ್ತಿದ್ರೆ ನಿಧಾನಕ್ಕೆ ಊರು ಮುಟ್ಟಬಹುದು. ಮಿಣುಕ್ತಾ ಇದ್ರೆ ಮಾತ್ರ ಪಕ್ಕಕ್ಕೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಿ ಅದನ್ನ ಸುಡ್ತಿರಬಹುದು, ಮತ್ತೆ ಅದರ ಬೆಲೆ ಸೆನ್ಸಾರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ.